ವಸಾಯಿಯ ಕೋಟೆಯೂ ಹೋಟೆಲು ನೌಕರನ ರಜೆಯೂ

ಮಳೆಗಾಲ ಮುಗಿದು ದಸರೆ ಸಮೀಪಿಸಿತೆಂದರೆ ಮುಂಬಯಿಯ ನಮ್ಮ ಸಂಘಸಂಸ್ಥೆಗಳಲ್ಲಿ ವಾರ್ಷಿಕ ವಿಹಾರದ ಮಾತು ಹೊರಡುತ್ತದೆ. ಬಸ್ಸು ಗೊತ್ತುಮಾಡುವುದು, ವಂತಿಗೆ ಎತ್ತುವುದು, ಅಡುಗೆಯವರನ್ನು ಹೊಂದಿಸುವುದು ಇವೆಲ್ಲ ಸಂಭ್ರಮದಿಂದಲೇ ನಡೆಯುತ್ತವೆ. ಹೋಗುವ ಸ್ಥಳ ಮಾತ್ರ ಬಹುಮಟ್ಟಿಗೆ ಒಂದೇ: ನೀರಾಟದ ಉದ್ಯಾನ, ಅದಲ್ಲವಾದರೆ ಹೆದ್ದಾರಿಯ ಬದಿಯ ವಿಹಾರಧಾಮ. ಹೋಗುವ ದಿನವೂ ಒಂದೇ: ರವಿವಾರ. ಮಕ್ಕಳು ನೀರಿನಲ್ಲಿ ಆಡುವುದಕ್ಕೆ ನಮ್ಮ ಆಕ್ಷೇಪವೇನೂ ಇಲ್ಲ. ಆದರೆ ನಮ್ಮ ಸಮಾಜದ ಬೆನ್ನೆಲುಬೆಂದು ವೇದಿಕೆಗಳ ಮೇಲೆ ನಾವು ಕೊಂಡಾಡುವ ಹೋಟೆಲು ನೌಕರನು ಈ ವಿಹಾರಗಳಿಗೆ ಬರುವುದು ಅಪರೂಪ; ಬಂದರೆ ಬಡಿಸುವುದಕ್ಕೆ ಬರುತ್ತಾನೆ. ಈ ಒಂದು ಸಂಗತಿಯನ್ನು ಕುರಿತು ನಾವು ಈ ದಿನ ನಾಲ್ಕು ಮಾತು ಹೇಳಬಯಸುತ್ತೇವೆ.

ಬ್ಯಾಂಕು, ವಿಮಾ ಕಂಪೆನಿ, ಸರಕಾರಿ ಕಚೇರಿಗಳ ಗುಮಾಸ್ತರಿಗೆ ರವಿವಾರ ಬಿಡುವು. ಫೋರ್ಟ್ ವಿಭಾಗದಲ್ಲಿ ಕಚೇರಿಯವರ ಊಟವನ್ನೇ ನಂಬಿದ ಹೋಟೆಲುಗಳಲ್ಲಿ ಕೆಲವು ಅಂದು ಬಾಗಿಲೆಳೆಯುವುದೂ ಉಂಟು. ಆದರೆ ಮಾಟುಂಗಾ, ಚೆಂಬೂರು, ಮುಲುಂಡ, ಬೊರಿವಲಿಯ ಹೋಟೆಲುಗಳಿಗೆ ರವಿವಾರವೇ ಸುಗ್ಗಿ. ಸಂಸಾರಸಮೇತರಾಗಿ ದೋಸೆಗೆ ಬಂದವರು ಬಾಗಿಲ ಹೊರಗೆ ಕಾಯುತ್ತಿರುವಾಗ ಮಾಣಿಗಾಗಲಿ ಅಡುಗೆ ಭಟ್ಟರಿಗಾಗಲಿ ಬಿಡುವೆಲ್ಲಿ? ಅವರ ರಜೆ ಸರದಿಯ ಮೇಲೆ ಮಂಗಳವಾರವೋ ಬುಧವಾರವೋ ಬರುತ್ತದೆ. ಆ ದಿನ ಅವರೊಡನೆ ಹೊರಡುವ ಸಂಗಾತಿಯಿಲ್ಲ, ಕರೆದೊಯ್ಯುವ ಸಂಘವಿಲ್ಲ. ಬಟ್ಟೆ ಒಗೆದು, ಮಲಗಿ, ಸಂಜೆ ಸಿನಿಮಾ ಒಂದನ್ನು ಕಂಡರೆ ರಜೆ ಮುಗಿಯಿತು. ಹೀಗೆ ಇಪ್ಪತ್ತು ಇಪ್ಪತ್ತೈದು ವರ್ಷ ಮುಂಬಯಿಯಲ್ಲಿ ಕಳೆದು, ಕೆಲಸದ ಸ್ಥಳ ಮತ್ತು ಊರಿನ ಗಾಡಿ ಹಿಡಿಯುವ ಸ್ಟೇಶನು ಇವೆರಡನ್ನು ಬಿಟ್ಟು ಬೇರೇನನ್ನೂ ಕಾಣದೆ ಊರಿಗೆ ಮರಳಿದವರು ನಮ್ಮಲ್ಲಿ ಎಷ್ಟೋ ಮಂದಿ. ಫೋರ್ಟ್ ಎಂಬ ಹೆಸರಿನ ವಿಭಾಗದಲ್ಲಿ ಜೀವಮಾನವೆಲ್ಲ ದುಡಿದರೂ ಅವರ ಕಣ್ಣಿಗೆ ಕೋಟೆಯೆಂಬುದು ಬಿದ್ದಿಲ್ಲ. ಅಲ್ಲಿದ್ದ ಕೋಟೆಯ ಗೋಡೆಗಳನ್ನು ಬಾರ್ಟಲ್ ಫ್ರಿಯರನು ಗವರ್ನರನಾಗಿದ್ದಾಗ, 1860ರ ದಶಕದಲ್ಲಿಯೇ, ಕೆಡವಿಸಿದ್ದಾಯಿತು!

ಕೆಡವದೆ ಉಳಿದ ಕೋಟೆಯೊಂದು ಲೋಕಲ್ ಗಾಡಿಯ ದಾರಿಯಲ್ಲಿಯೇ ಇದೆ. ಚರ್ಚ್‌ಗೇಟಿನಿಂದ ವಿರಾರಕ್ಕೆ ಹೋಗುವ ಗಾಡಿಯಲ್ಲಿ ಭಾಯಂದರವನ್ನು ದಾಟಿ, ಖಾಡಿಯ ಸೇತುವೆಯನ್ನೂ ದಾಟಿ, ನಾಯಗಾಂವದ ಅನಂತರ ಸಿಕ್ಕುವ ವಸಾಯಿ ರೋಡಿನಲ್ಲಿ ಇಳಿದು ಬಸ್ಸನ್ನೋ ರಿಕ್ಷಾವನ್ನೋ ಹಿಡಿದರೆ ಆಯಿತು. ಭಾಯಂದರದಿಂದ ಖಾಡಿಯ ಮೇಲೆ ವಾಹನಗಳನ್ನೂ ಹೊತ್ತು ವಸಾಯಿಗೆ ಹೋಗುವ ದೋಣಿಯ ಸೇವೆ 2024ರ ಫೆಬ್ರವರಿಯಲ್ಲಿ ಆರಂಭವಾದುದರಿಂದ ಜಲಮಾರ್ಗವೂ ಒದಗಿದೆ. ಅಷ್ಟು ಸಮೀಪದ ಈ ಕೋಟೆಯನ್ನು ತೋರಿಸಲು ಇತ್ತೀಚೆಗೆ ಖಾಸಗಿ ಪ್ರವಾಸ ಕಂಪೆನಿಗಳು ಮುಂದೆ ಬಂದಿವೆ. ಮೋಟಾರು ಮನೆಬಾಗಿಲಿಗೆ ಬರುತ್ತದೆ. ಜೊತೆಗೊಬ್ಬ ಮಾರ್ಗದರ್ಶಿ ಇರುತ್ತಾನೆ. ದಿನವೆಲ್ಲ ಸುತ್ತಾಡಿಸಿ, ಇಂಗ್ಲಿಷಿನಲ್ಲಿ ಕಥೆ ಹೇಳಿ, ಸಂಜೆಗೆ ಮರಳಿ ತಂದು ಬಿಡುತ್ತಾನೆ. ವ್ಯವಸ್ಥೆ ಒಳ್ಳೆಯದೇ. ಆದರೆ ಅದಕ್ಕೆ ತೆರಬೇಕಾದ ಹಣವು ನಮ್ಮ ಓದುಗರಲ್ಲಿ ಅನೇಕರ ಹಲವು ದಿನಗಳ ಪಗಾರಕ್ಕೆ ಸಮನಾಗಿರುವಾಗ, ಇದು ಯಾರಿಗಾಗಿ ಏರ್ಪಟ್ಟ ವ್ಯವಸ್ಥೆಯೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಐರ್ಲೆಂಡ್ ದೇಶದ ಕಾರ್ಕ್ ನಗರದ ಹತ್ತಿರ ಬ್ಲಾರ್ನಿ ಎಂಬ ಕೋಟೆಯಿದೆ. 15ನೆಯ ಶತಮಾನದಲ್ಲಿ ಮೆಕಾರ್ತಿ ಮನೆತನದ ಅರಸರು ಕಟ್ಟಿಸಿದ್ದು. ಅದರ ತುದಿಯಲ್ಲಿರುವ ಒಂದು ಕಲ್ಲಿಗೆ ಬೆನ್ನ ಮೇಲೆ ಮಲಗಿ, ತಲೆ ಕೆಳಗಾಗಿ ಬಾಗಿ, ಮುತ್ತಿಟ್ಟವರಿಗೆ ವಾಕ್ಚಾತುರ್ಯ ಲಭಿಸುವುದೆಂಬ ನಂಬಿಕೆಯಿಂದ ಲೋಕದ ನಾನಾ ಮೂಲೆಗಳ ಜನರು ಟಿಕೆಟು ತೆಗೆದು ಅಲ್ಲಿಗೆ ಹೋಗುತ್ತಾರೆ. ವಿದೇಶಗಳಲ್ಲಿ ನೆಲೆಸಿದ ನಮ್ಮವರ ಮಕ್ಕಳೂ ಇಂಥ ಕೋಟೆಗಳನ್ನು ಮಾರ್ಗದರ್ಶಿಗಳೊಡನೆ ಸುತ್ತಿ ಬಂದು ಚಿತ್ರಗಳನ್ನು ಊರಿಗೆ ಕಳುಹಿಸುತ್ತಾರೆ. ಸಂತೋಷ. ಆದರೆ ಒಂದು ಕಲ್ಲಿನ ಕಥೆಯನ್ನು ಬಲ್ಲವರು ಅಷ್ಟು ಜನರನ್ನು ಸೆಳೆಯಬಲ್ಲರಾದರೆ, ಒಂದು ಪಟ್ಟಣವನ್ನೇ ಒಳಗೊಂಡ ನಮ್ಮ ಕೈಯಳತೆಯ ಕೋಟೆಗೆ ಹೋದವರು ಗೋಡೆಯ ಮೇಲೆ ತಮ್ಮ ಹೆಸರು ಕೆತ್ತಿ ಹಿಂದಿರುಗುವುದೇಕೆ? ಹೇಳುವವರಿಲ್ಲದುದೇ ಇದಕ್ಕೆ ಮುಖ್ಯ ಕಾರಣವೆಂದು ನಮ್ಮ ಅಭಿಮತ. ಮಾತು ಹೇಳುವವನೊಬ್ಬನು ಜೊತೆಯಲ್ಲಿಲ್ಲದಿದ್ದರೆ ವಸಾಯಿಯ ಕೋಟೆ ಬರಿಯ ಪಾಳುಗೋಡೆ, ಮದುವೆಗೆ ಮುಂಚಿನ ಚಿತ್ರ ತೆಗೆಸಿಕೊಳ್ಳುವವರ ಹಿನ್ನೆಲೆಯ ಪರದೆ. 2016ರಲ್ಲಿ ಕೋಲ್ಡ್‌ಪ್ಲೇ ಎಂಬ ಹೆಸರಾಂತ ಗಾಯನತಂಡದ ಚಿತ್ರಗೀತವೊಂದರಲ್ಲಿ ಈ ಗೋಡೆಗಳು ಕಾಣಿಸಿಕೊಂಡ ಮೇಲಂತೂ ಚಿತ್ರ ತೆಗೆಯುವವರ ಸಂಭ್ರಮ ಕೇಳಬೇಕಾಗಿಲ್ಲ.

ಹೇಳುವವನಿದ್ದರೆ ಏನೆಲ್ಲ ಹೇಳಬಹುದು! 1534ರ ಡಿಸೆಂಬರ್ 23ರಂದು ಗುಜರಾತಿನ ಸುಲ್ತಾನ ಬಹಾದುರ ಶಹನು, ಹುಮಾಯೂನನ ಭಯಕ್ಕೆ ಸಿಕ್ಕಿ ಸಹಾಯವನ್ನರಸುತ್ತಿದ್ದ ಹೊತ್ತಿನಲ್ಲಿ, ವಸಾಯಿಯನ್ನೂ ಅದಕ್ಕೆ ಸೇರಿದ ಪ್ರದೇಶಗಳನ್ನೂ ಪೋರ್ತುಗೀಜರಿಗೆ ಬಿಟ್ಟುಕೊಟ್ಟನು. ಹಾಗೆ ಬಿಟ್ಟುಕೊಟ್ಟ ಪ್ರದೇಶಗಳಲ್ಲಿ ಮುಂಬಯಿಯ ದ್ವೀಪಗಳೂ ಸೇರಿದ್ದವು. ಅಂದರೆ ಇಂದು ವಸಾಯಿಯನ್ನು ಮುಂಬಯಿಯ ಉಪನಗರವೆಂದು ನಾವು ಕರೆಯುವಂತೆ ಅಂದು ಮುಂಬಯಿ ವಸಾಯಿಯ ಬಾಲವಾಗಿತ್ತು. ಪೋರ್ತುಗೀಜರ ಉತ್ತರ ಪ್ರಾಂತಕ್ಕೆ ವಸಾಯಿಯೇ ರಾಜಧಾನಿ. ಅದರ ದೊಡ್ಡ ಮನೆಗಳಲ್ಲಿ ಕುಲೀನರು ಮಾತ್ರ ವಾಸಿಸುತ್ತಿದ್ದರು. ಮುಂದೆ 1661ರಲ್ಲಿ ತಮ್ಮ ರಾಜಕುಮಾರಿ ಕ್ಯಾಥರೀನಳನ್ನು ಇಂಗ್ಲೆಂಡಿನ ಎರಡನೆಯ ಚಾರ್ಲ್ಸನಿಗೆ ಕೊಡುವ ಒಪ್ಪಂದದಲ್ಲಿ ಪೋರ್ತುಗೀಜರು ಮುಂಬಯಿಯನ್ನು ಬಳುವಳಿಯಾಗಿ ಕೊಟ್ಟರು. ಚಾರ್ಲ್ಸನು 1668ರಲ್ಲಿ ಅದನ್ನು ವರ್ಷಕ್ಕೆ ಹತ್ತು ಪೌಂಡುಗಳಿಗೆ ಈಸ್ಟ್ ಇಂಡಿಯಾ ಕಂಪೆನಿಗೆ ವಹಿಸಿಬಿಟ್ಟನು. ವಸಾಯಿಯನ್ನು ಮಾತ್ರ ಅವರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಯಾವುದು ಬೆಲೆಬಾಳುವುದೆಂದು ಅವರು ಎಣಿಸಿದ್ದರೆಂಬುದು ಇದರಿಂದ ತಿಳಿಯುವುದಿಲ್ಲವೆ?

ಈ ಕಥೆ ಮರಾಠರದು ಮತ್ತು ಪೋರ್ತುಗೀಜರದು, ನಮಗೇನು ಸಂಬಂಧ ಎಂದು ಕೇಳುವವರುಂಟು. ಅವರು ತಮ್ಮ ಹೋಟೆಲಿನ ಅಡುಗೆಮನೆಗೆ ಒಮ್ಮೆ ಹೋಗಿ ಕಿವಿಗೊಟ್ಟು ನಿಲ್ಲಲಿ. ತಿಂಗಳ ಕೊನೆಗೆ ನಾವು ಕಾಯುವ ಪಗಾರವು ಪೋರ್ತುಗೀಜರ ಮಾತು. ಅವರ ಭಾಷೆಯಲ್ಲಿ ಪಗಾರ್ ಎಂದರೆ ಹಣ ಸಲ್ಲಿಸುವುದು. ನೆಲ ತೊಳೆಯುವ ಬಾಲ್ದಿ ಅವರದು. ಉಗ್ರಾಣದ ಚಾವಿ ಅವರದು. ಕೆಲಸ ಮಾಡಿಸುವ ಮೇಸ್ತ್ರಿಯ ಹೆಸರು ಅವರದು. ಬಟಾಟೆ, ಪಾವು, ಕಾಜು, ಅನಾನಸು ಇವೆಲ್ಲ ಅವರ ಬಾಯಿಂದ ನಮ್ಮ ಬಾಯಿಗೆ ಬಂದ ಹೆಸರುಗಳು. ಅವರ ಹಡಗುಗಳು ಬರುವ ಮೊದಲು ಈ ದೇಶದ ಅಡುಗೆಯಲ್ಲಿ ಕೆಂಪು ಮೆಣಸಿನಕಾಯಿಯೇ ಇರಲಿಲ್ಲ. ಹಾಗಾದರೆ ಅನಾನಸಿನ ಶೀರವನ್ನೂ ಬಟಾಟೆಯ ಪಲ್ಯವನ್ನೂ ದಿನಂಪ್ರತಿ ಮಾಡಿ ಬಡಿಸುವವರಿಗೆ ಈ ಕೋಟೆಯೊಡನೆ ಸಂಬಂಧವಿಲ್ಲವೆನ್ನುವುದು ಹೇಗೆ?

ನಮ್ಮ ಊರಿನ ಸಂಬಂಧವೂ ಕಡಿಮೆಯದಲ್ಲ. ಬಸರೂರು, ಬಾರಕೂರು, ಮಂಗಳೂರುಗಳ ಅಕ್ಕಿಯೇ ಅಂದಿನ ಗೋವೆಯ ಹೊಟ್ಟೆ ತುಂಬಿಸುತ್ತಿತ್ತು. ಆ ಅಕ್ಕಿಯನ್ನು ಕಪ್ಪವಾಗಿಯೂ ಪೋರ್ತುಗೀಜರು ನಮ್ಮ ಕರಾವಳಿಯಿಂದ ವಸೂಲು ಮಾಡುತ್ತಿದ್ದರು. ಉಳ್ಳಾಲದ ರಾಣಿ ಅಬ್ಬಕ್ಕನು ಅವರೊಡನೆ ಕಾದಿದುದನ್ನು ನಮ್ಮ ಮಕ್ಕಳೂ ಬಲ್ಲರು. ಕೆಳದಿಯ ಶಿವಪ್ಪ ನಾಯಕನು 1650ರ ದಶಕದಲ್ಲಿ ಹೊನ್ನಾವರ, ಗಂಗೊಳ್ಳಿ, ಮಂಗಳೂರುಗಳ ಕೋಟೆಗಳಿಂದ ಅವರನ್ನು ಹೊರಗಟ್ಟಿದನು. ಗೋವೆಗೆ ನಮ್ಮಿಂದ ಅಕ್ಕಿ ಹೋದರೆ ವಸಾಯಿಯಿಂದ ಕಲ್ಲು ಹೋಗುತ್ತಿತ್ತು: ಸಂತ ಫ್ರಾನ್ಸಿಸ್ ಝೇವಿಯರರ ದೇಹವಿರುವ ಹಳೆಗೋವೆಯ ಇಗರ್ಜಿಯ ಮುಖಭಾಗದಲ್ಲಿ ಕಾಣುವ ಕಪ್ಪು ಕಲ್ಲು ವಸಾಯಿಯದು. ಒಂದೇ ಒಡೆತನದ ಕೈಕೆಳಗೆ ಕರಾವಳಿಯ ಎರಡು ತುದಿಗಳು ತೆತ್ತ ಕಂದಾಯದ ಲೆಕ್ಕವಿದು. ಬಸರೂರಿನಿಂದಲೋ ಗಂಗೊಳ್ಳಿಯಿಂದಲೋ ಬಂದ ಹುಡುಗನು ವಸಾಯಿಯ ಗೋಡೆಯ ಕೆಳಗೆ ನಿಂತಾಗ ಅದನ್ನು ಅವನಿಗೆ ಕನ್ನಡದಲ್ಲಿ ಹೇಳುವವರು ಬೇಕು. ಇಂಗ್ಲಿಷಿನ ಮಾರ್ಗದರ್ಶಿ ಇದನ್ನು ಹೇಳಲಾರನು. ಅವನಿಗೆ ಬಸರೂರು ಗೊತ್ತಿಲ್ಲ.

ಕೋಟೆಯ ಒಳಗಿನ ದಾರಿ ಹೀಗಿದೆ. ಊರಿನ ರಸ್ತೆಯೇ ಕೋಟೆಯ ನಡುವೆ ಹಾದು ಕಿಲ್ಲಾ ಬಂದರಕ್ಕೆ ಹೋಗುತ್ತದೆ. ನೆಲದ ಕಡೆಗೊಂದು, ನೀರಿನ ಕಡೆಗೊಂದು ಹೀಗೆ ಎರಡು ಮುಖ್ಯದ್ವಾರಗಳು. ಸುತ್ತಲ ಗೋಡೆಯಲ್ಲಿ ಸಂತರ ಹೆಸರಿಟ್ಟ ಕೊತ್ತಲಗಳು. ಒಳಗೆ ಸಂತ ಜೋಸೆಫರ ಇಗರ್ಜಿಯ ಗೋಪುರ ಇನ್ನೂ ನಿಂತಿದೆ. ಫ್ರಾನ್ಸಿಸ್ಕನ್ ಪಾದ್ರಿಗಳ ಇಗರ್ಜಿಯ ಚಾವಣಿ ಬಿದ್ದುಹೋಗಿದ್ದರೂ ನೆಲದಲ್ಲಿ ಹಾಸಿದ ಸಮಾಧಿಕಲ್ಲುಗಳ ಮೇಲೆ ಸತ್ತ ಕುಲೀನರ ಹೆಸರುಗಳೂ ಲಾಂಛನಗಳೂ ಇನ್ನೂ ಕಾಣುತ್ತವೆ. ಇದೇ ವಸಾಯಿಯಲ್ಲಿ ಹುಟ್ಟಿದ ಗೊನ್ಸಾಲೊ ಗಾರ್ಸಿಯಾ ಎಂಬಾತನು ಜಪಾನಿಗೆ ಹೋಗಿ, 1597ರಲ್ಲಿ ನಾಗಸಾಕಿಯಲ್ಲಿ ಶಿಲುಬೆಗೇರಿ ಸತ್ತು, 1862ರಲ್ಲಿ ಸಂತನೆಂದು ಘೋಷಿತನಾದನು. ಭಾರತದಲ್ಲಿ ಜನಿಸಿದವರಲ್ಲಿ ಆ ಪದವಿ ಪಡೆದ ಮೊದಲಿಗನು ಅವನೇ. ಅಲ್ಲಿಂದ ಕೆಲವೇ ಹೆಜ್ಜೆಗಳಲ್ಲಿ ಹನುಮಂತನ ಗುಡಿ, ನಾಗೇಶ್ವರನ ಗುಡಿ. ಮುಂದೆ ಚಿಮಾಜಿ ಅಪ್ಪಾನ ಪ್ರತಿಮೆ. ಇನ್ನೂ ಮುಂದೆ ಹೋದರೆ ಕೋಳಿ ಬೆಸ್ತರ ಕೇರಿ. ಅಲ್ಲಿ ಗಳಗಳಿಗೆ ಕಟ್ಟಿದ ಹಗ್ಗಗಳ ಮೇಲೆ ಬೊಂಬಿಲ್ ಮೀನು ಒಣಗುತ್ತಿರುತ್ತದೆ. ಮಲ್ಪೆಯ ಗಾಳಿಯನ್ನು ಕುಡಿದು ಬೆಳೆದ ನಮ್ಮ ಮೊಗವೀರ ಬಂಧುಗಳಿಗೆ ಅಲ್ಲಿ ಮಾರ್ಗದರ್ಶಿ ಬೇಕಾಗಿಲ್ಲ!

ಬಾಜೀರಾಯನ ತಮ್ಮನಾದ ಚಿಮಾಜಿಯ ಯುದ್ಧದ ಕಥೆಯನ್ನು ಗೋಡೆಯ ಉತ್ತರ ಭಾಗದಲ್ಲಿ ನಿಂತು ಹೇಳಬೇಕು. ಮರಾಠರು 1737ರಲ್ಲಿಯೇ ಥಾಣೆಯನ್ನೂ ಸಾಷ್ಟಿಯನ್ನೂ ಹಿಡಿದಿದ್ದರು. ವಸಾಯಿಗೆ ಮುತ್ತಿಗೆ ಬಿದ್ದುದು 1739ರ ಫೆಬ್ರವರಿಯಲ್ಲಿ. ಮೂರು ಕಡೆ ನೀರೂ ಕೆಸರೂ ಇದ್ದುದರಿಂದ ಉತ್ತರದ ನೆಲದ ಕಡೆಯಿಂದಲೇ ಏರಬೇಕಾಯಿತು. ಆ ಗೋಡೆಯ ಬುಡಕ್ಕೆ ಸುರಂಗ ತೋಡಿ, ಮದ್ದು ತುಂಬಿ ಸಿಡಿಸಿ, ಕೊತ್ತಲಗಳನ್ನು ಒಡೆದರು. ಸುರಂಗದಲ್ಲಿ ಕೆಲಸ ಮಾಡಿ ಅಲ್ಲಿಯೇ ಮಣ್ಣುಗೂಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಮೇ 16ರಂದು ಕೋಟೆ ಶರಣಾಯಿತು. ಎಂಟು ದಿನಗಳ ಅವಧಿಯಲ್ಲಿ ಹೆಂಡಿರು ಮಕ್ಕಳೊಡನೆಯೂ ಒಡವೆವಸ್ತುಗಳೊಡನೆಯೂ ಹೊರಟುಹೋಗಲು ಪೋರ್ತುಗೀಜರಿಗೆ ಅನುಮತಿಯಿತ್ತು. 205 ವರ್ಷಗಳ ಆಳಿಕೆ ಹಾಗೆ ಮುಗಿಯಿತು. ಇಗರ್ಜಿಗಳ ಘಂಟೆಗಳನ್ನು ಮರಾಠರು ಕೊಂಡೊಯ್ದು ದೇವಾಲಯಗಳಲ್ಲಿ ಕಟ್ಟಿಸಿದರು. ನಾಸಿಕದ ನಾರೋಶಂಕರನ ಗುಡಿಯಲ್ಲಿ, ಭೀಮಾಶಂಕರದಲ್ಲಿ, ವಾಯಿಯ ಬಳಿಯ ಮೇಣವಲಿಯಲ್ಲಿ ಅಂಥವು ಇಂದಿಗೂ ಇವೆ. ಇದೇ ವಸಾಯಿಯಲ್ಲಿ 1802ರ ಡಿಸೆಂಬರ್ 31ರಂದು ಎರಡನೆಯ ಬಾಜೀರಾಯನು ಇಂಗ್ಲಿಷರೊಡನೆ ಒಪ್ಪಂದಕ್ಕೆ ರುಜು ಹಾಕಿ ತನ್ನ ಸ್ವಾತಂತ್ರ್ಯವನ್ನು ಬರೆದುಕೊಟ್ಟನೆಂಬುದನ್ನೂ ಮಾರ್ಗದರ್ಶಿಯು ಮರೆಯದೆ ಹೇಳಬೇಕು. ಗೆಲವನ್ನು ಹೇಳಿ ಅದನ್ನು ಬಿಟ್ಟರೆ ಕಥೆ ಅರ್ಧವಾಗುತ್ತದೆ.

ಇನ್ನೊಂದು ಎಚ್ಚರಿಕೆಯ ಮಾತು. ಇಂಥ ಸ್ಥಳಗಳಲ್ಲಿ ಚರಿತ್ರೆಯ ಹೆಸರಿನಿಂದ ಹಗೆಯನ್ನು ಬಿತ್ತುವವರೂ ಈಗ ಕಡಿಮೆಯಿಲ್ಲ. ಪೋರ್ತುಗೀಜರು ಮತದ ವಿಷಯದಲ್ಲಿ ಮಾಡಿದ ಬಲಾತ್ಕಾರವನ್ನು ಮುಚ್ಚಿಡಬೇಕಾಗಿಲ್ಲ. ಆದರೆ ವಸಾಯಿಯ ಕ್ರೈಸ್ತರು ಪೋರ್ತುಗೀಜರಲ್ಲ. ಇದೇ ಮಣ್ಣಿನ ಮಕ್ಕಳು, ಮನೆಯಲ್ಲಿ ಮರಾಠಿಯ ಮಾತನ್ನೇ ಆಡುವವರು, ಬಾಳೆ ವೀಳ್ಯದೆಲೆಗಳ ತೋಟ ಮಾಡಿದವರು. ಮಂಗಳೂರಿನ ಕ್ರೈಸ್ತ ಬಂಧುಗಳು ಅನೇಕರು ಇಂದು ಆ ಕಡೆಯಲ್ಲಿಯೇ ಮನೆ ಮಾಡಿಕೊಂಡಿದ್ದಾರೆ. ಅವರೂ ನಮ್ಮೊಡನೆ ಈ ಕೋಟೆಗೆ ಬರಬೇಕಾದವರು.

ಇನ್ನು ಬಿಡುವಿನ ವಿಷಯ. ವಾರಕ್ಕೊಂದು ದಿನದ ರಜೆ ಮಾಲಿಕರ ಕೃಪೆಯಲ್ಲ. 1948ರ ಮುಂಬಯಿ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಯೇ ಹೋಟೆಲು ನೌಕರನಿಗೆ ಅದನ್ನು ಕೊಟ್ಟಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಮಹಾರಾಷ್ಟ್ರ ಕಾಯಿದೆಯು ಎಡೆಬಿಡದೆ 24 ತಾಸುಗಳ ವಾರದ ವಿಶ್ರಾಂತಿಯನ್ನು ವಿಧಿಸಿತು. ಆದರೆ ಬಂದಾಗಲೇ ಅದು ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆಗಳಿಗೆ ಅನ್ವಯಿಸುವಂತೆ ಬಂದುದರಿಂದ ಸಣ್ಣ ಹೋಟೆಲುಗಳ ಹುಡುಗರು ಅದರ ನೆರಳಿನಿಂದ ಹೊರಗುಳಿದರು. ಇದು ನ್ಯಾಯವಲ್ಲವೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ದೊಡ್ಡ ಹೋಟೆಲುಗಳಲ್ಲಿಯೂ ಬೆಳಗಿನ ಉಪಾಹಾರದ ಗದ್ದಲ ಮುಗಿಸಿಕೊಟ್ಟು ಹೋಗು ಎನ್ನುವ ಪದ್ಧತಿ ಕೆಲವೆಡೆ ಉಂಟು. ಹತ್ತೂವರೆ ಗಂಟೆಗೆ ಬಿಟ್ಟು ಸಂಜೆಗೆ ಮತ್ತೆ ಕರೆಯುವ ರಜೆ ರಜೆಯಲ್ಲ. ಅಂಥ ರಜೆಯಲ್ಲಿ ವಸಾಯಿಗೆ ಹೋಗಿಬರುವುದಂತೂ ಆಗದ ಮಾತು.

ದುಡಿದು ದಣಿದವನಿಗೆ ನಿದ್ರೆ ಬೇಕು, ಬಿಸಿಲಿನಲ್ಲಿ ಪಾಳುಕೋಟೆ ಸುತ್ತುವ ಹುಚ್ಚು ಯಾರಿಗೆ ಎಂದು ಮಾಲಿಕರೊಬ್ಬರು ನಮ್ಮೊಡನೆ ವಾದಿಸಿದರು. ನಿದ್ರೆ ಬೇಕು, ನಿಜ. ಪ್ರತಿವಾರವೂ ಹೋಗಬೇಕೆಂದು ನಾವು ಹೇಳುತ್ತಿಲ್ಲ. ವರ್ಷಕ್ಕೆ ಎರಡು ಸಲ ಸಾಕು. ಆದರೆ ಹೋಟೆಲು ಹುಡುಗನಿಗೆ ಅನ್ನ ನಿದ್ರೆಗಳಿಗಿಂತ ಹೆಚ್ಚಿನದೇನೂ ಬೇಡವೆಂಬ ಮಾತನ್ನು ನಮ್ಮ ಸಮಾಜದ ಚರಿತ್ರೆಯೇ ಸುಳ್ಳು ಮಾಡಿದೆ. ಹಗಲು ಲೋಟ ತೊಳೆದು ರಾತ್ರಿ ಕನ್ನಡ ರಾತ್ರಿಶಾಲೆಗಳ ಬೆಂಚಿನ ಮೇಲೆ ಕುಳಿತ ಹುಡುಗರಿಂದಲ್ಲವೆ ಈ ನಗರದಲ್ಲಿ ನಮ್ಮ ವಕೀಲರು, ಅಧ್ಯಾಪಕರು, ಬ್ಯಾಂಕಿನ ಅಧಿಕಾರಿಗಳು ಎಷ್ಟೋ ಮಂದಿ ಮೇಲೆ ಬಂದುದು? ನಿದ್ರೆ ಅವರಿಗೂ ಬರುತ್ತಿತ್ತು. ಆ ಶಾಲೆಗಳಲ್ಲಿ ಬಹಳಷ್ಟು ಈಗ ಮುಚ್ಚಿವೆ. ಅವುಗಳ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಇಂದು ಹೋಟೆಲುಗಳ ಮಾಲಿಕರಾಗಿ ಗಲ್ಲೆಯ ಹಿಂದೆ ಕುಳಿತಿದ್ದಾರೆ. ಅವರಿಗಾದರೂ ನಮ್ಮ ಮಾತು ಅರ್ಥವಾದೀತು.

ಆಗಬೇಕಾದ ಕೆಲಸ ದೊಡ್ಡದಲ್ಲ. ರವಿವಾರದ ದೊಡ್ಡ ವಿಹಾರವನ್ನು ಸಂಘಗಳು ಬೇಕಾದರೆ ಇಟ್ಟುಕೊಳ್ಳಲಿ. ಅದರ ಹೊರತಾಗಿ ವಾರದ ನಡುವಿನ ದಿನಗಳಲ್ಲಿ ಹನ್ನೆರಡು ಹದಿನೈದು ಮಂದಿಯ ಸಣ್ಣ ತಂಡಗಳನ್ನು ಕಳುಹಿಸಲಿ. ಒಂದೇ ಹೋಟೆಲಿನಿಂದ ಅಷ್ಟು ಮಂದಿಯನ್ನು ಒಮ್ಮೆಗೆ ಬಿಡಲಾಗದು, ನಾವು ಬಲ್ಲೆವು. ಏಳೆಂಟು ಹೋಟೆಲುಗಳಿಂದ ಇಬ್ಬಿಬ್ಬರು ಬಂದರೆ ಯಾರ ವ್ಯಾಪಾರಕ್ಕೂ ತೊಂದರೆಯಿಲ್ಲ. ಹೋಟೆಲು ಮಾಲಿಕರ ಸಂಘವಾದ ಆಹಾರ್‌ನಲ್ಲಿ ನಮ್ಮವರು ಬಹಳ ಮಂದಿ ಇರುವುದರಿಂದ ರಜೆಯ ಸರದಿಯನ್ನು ಹೊಂದಿಸುವುದು ಅವರಿಗೆ ಕಷ್ಟವಾಗದು. ಮಾರ್ಗದರ್ಶಿಗಳಾಗಲು ಕಾಲೇಜಿನ ನಮ್ಮ ಹುಡುಗ ಹುಡುಗಿಯರಿದ್ದಾರೆ. ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳಿದ್ದಾರೆ. ಅವರಿಗೆ ಮೊದಲು ಓದಿಸಿ, ಎರಡು ಸಲ ಕೋಟೆಯನ್ನು ಸುತ್ತಿಸಿ ಸಿದ್ಧಪಡಿಸಬೇಕು. ಅವರ ದಿನದ ಶ್ರಮಕ್ಕೆ ಯೋಗ್ಯ ಗೌರವಧನವನ್ನೂ ಕೊಡಬೇಕು. ಸೇವೆಯೆಂದು ಹೇಳಿ ಬಿಟ್ಟಿ ದುಡಿಸುವ ಅಭ್ಯಾಸ ನಮ್ಮ ಸಂಘಗಳಿಗೆ ಸಾಕಷ್ಟಿದೆ, ಇಲ್ಲಿಗೂ ಅದನ್ನು ತರುವುದು ಬೇಡ. ವಸಾಯಿ ಯಶಸ್ವಿಯಾದರೆ ಮುಂದೆ ಬೊರಿವಲಿಯ ಕಾನ್ಹೇರಿಯಿದೆ. ಅಲ್ಲಿಯ ಗುಹೆಗಳಲ್ಲಿ 9ನೆಯ ಶತಮಾನದ ಶಾಸನಗಳು ನಮ್ಮ ಅಮೋಘವರ್ಷನ ಹೆಸರು ಹೇಳುತ್ತವೆ.

ಇಂದು ನಮ್ಮವರ ಹೋಟೆಲುಗಳಲ್ಲಿ ಊರಿನ ಹುಡುಗರು ಮೊದಲಿನಷ್ಟಿಲ್ಲ. ಉತ್ತರಪ್ರದೇಶದ, ಬಿಹಾರದ, ಒಡಿಸ್ಸಾದ ಹುಡುಗರು ಅದೇ ಉಗ್ರಾಣದ ಮೂಲೆಯಲ್ಲಿ ಹಾಸಿಗೆ ಬಿಡಿಸುತ್ತಾರೆ. ತಂಡದಲ್ಲಿ ಅವರಿಗೂ ಸ್ಥಾನವಿರಲಿ. ಮಾರ್ಗದರ್ಶಿಯು ಕನ್ನಡದಲ್ಲಿ ಹೇಳಿದುದನ್ನು ಎರಡು ಮಾತು ಹಿಂದಿಯಲ್ಲಿಯೂ ಹೇಳಿದರೆ ಕನ್ನಡಕ್ಕೆ ನಷ್ಟವಿಲ್ಲ.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಇದಕ್ಕೆ ಉತ್ತಮ. ಮಳೆಯಲ್ಲಿ ಕಲ್ಲು ಜಾರುತ್ತದೆ. ಏಪ್ರಿಲ್ ಮೇಗಳಲ್ಲಿ ಬಿಸಿಲು ತಡೆಯಲಾಗದು. ಕುಡಿಯುವ ನೀರು ಜೊತೆಯಲ್ಲಿರಲಿ. ಬುತ್ತಿಯನ್ನು ಹೋಟೆಲಿನಿಂದಲೇ ಕಟ್ಟಿಸಿಕೊಂಡು ಹೋಗಬಹುದು, ಅಷ್ಟನ್ನು ಧಣಿಗಳು ಕೊಡದಿರಲಾರರು. ವಾರದ ದಿನ ಹೊರಡುವವರಿಗೆ ಇನ್ನೊಂದು ಅನುಕೂಲವೂ ಉಂಟು. ಬೆಳಗಿನ ಒಂಬತ್ತು ಗಂಟೆಗೆ ಜನಸಮುದಾಯವೆಲ್ಲ ಚರ್ಚ್‌ಗೇಟಿನ ಕಡೆಗೆ ನುಗ್ಗುತ್ತಿರುವಾಗ ವಿರಾರದ ಕಡೆಗೆ ಹೋಗುವ ಗಾಡಿಯಲ್ಲಿ ಕಿಟಕಿಯ ಬಳಿ ಕುಳ್ಳಿರಲು ಸ್ಥಳ ದೊರೆಯುತ್ತದೆ. ಸಂಜೆ ಅದೇ ಸಮುದಾಯವು ತಿರುಗಿ ಬರುತ್ತಿರುವಾಗ ವಸಾಯಿಯಿಂದ ದಾದರಕ್ಕೆ ಬರುವ ಗಾಡಿಯಲ್ಲಿಯೂ.